‘ಬಿಹೋವ್’ ಕ್ರಿಯಾಪದವನ್ನು ತಪ್ಪಿಲ್ಲದೆ ಬಳಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

“ವಿ ಬಿಹೋವ್ ಟು ಪ್ರೊಟೆಕ್ಟ್ ಅವರ್ ಲೇಕ್ಸ್.” ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಇಂಗ್ಲಿಷ್ ಪ್ರಬಂಧಗಳಲ್ಲಿ ಇಂಥ ವಾಕ್ಯ ಮತ್ತೆ ಮತ್ತೆ ಸಿಗುತ್ತದೆ. ಬರೆದವರಿಗೆ ‘ಬಿಹೋವ್’ ಎಂಬ ಇಂಗ್ಲಿಷ್ ಪದದ ಅರ್ಥ ಗೊತ್ತಿದೆ. ಕಾಗುಣಿತವೂ ಸರಿಯಿದೆ. ಆದರೂ ವಾಕ್ಯ ತಪ್ಪು. ತಿದ್ದಿಕೊಟ್ಟರೆ ಮುಂದಿನ ಸಲ “ಇಟ್ ಬಿಹೋವ್ಸ್ ಆನ್ ಅಸ್” ಅಂತ ಬರುತ್ತದೆ. ಅದೂ ತಪ್ಪು. ಅದನ್ನೂ ತಿದ್ದಿದರೆ “ವಿ ಆರ್ ಬಿಹೋವ್ಡ್ ಟು” ಎಂದು ಇನ್ನೊಂದು ಬಾಗಿಲಿನಿಂದ ಅದೇ ತಪ್ಪು ಒಳಗೆ ಬರುತ್ತದೆ.

ಇಷ್ಟು ಜನ ಒಂದೇ ಕಡೆ ಎಡವುತ್ತಾರೆ ಅಂದರೆ ಅದು ಅವರ ದಡ್ಡತನ ಅಲ್ಲ. ಪದವನ್ನು ಕಲಿಯುವ ಕ್ರಮವೇ ತಪ್ಪಾಗಿದೆ. ಮೊದಲು ಅರ್ಥ, ಆಮೇಲೆ ವಾಕ್ಯ ಅನ್ನೋದು ನಮ್ಮ ಅಭ್ಯಾಸ. ಈ ಪದದ ವಿಷಯದಲ್ಲಿ ಅದನ್ನು ತಿರುಗಿಸಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಅರ್ಥ ನೋಡುವ ಮೂರನೇ ಹಂತದಿಂದ ಶುರು ಮಾಡಿದರೆ ಮತ್ತೆ ಅದೇ ಕೆರೆಯ ವಾಕ್ಯಕ್ಕೆ ಬಂದು ನಿಲ್ಲುತ್ತೀರಿ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು ಒಂದು ಬೇಕು. ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಮೂರಕ್ಕೂ ಆನ್‌ಲೈನ್‌ನಲ್ಲಿ ದುಡ್ಡಿಲ್ಲ. ಇವುಗಳಲ್ಲಿ ಅರ್ಥಕ್ಕಿಂತ ಉದಾಹರಣೆ ವಾಕ್ಯಗಳು ಮುಖ್ಯ. ಅಮೆರಿಕನ್ ಬಳಕೆಗೆ ಮೆರಿಯಮ್-ವೆಬ್‌ಸ್ಟರ್ ನೋಡಿ.

ಎರಡನೆಯದು, ನಿಜವಾದ ಬಳಕೆ ಹುಡುಕುವ ಜಾಗ. ನಮ್ಮ ದೇಶದ ಮಟ್ಟಿಗೆ ಇದಕ್ಕೆ ‘ಇಂಡಿಯನ್ ಕಾನೂನ್’ ಜಾಲತಾಣದಷ್ಟು ಒಳ್ಳೆಯದು ಇನ್ನೊಂದಿಲ್ಲ. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್‌ಗಳ ತೀರ್ಪುಗಳು ಅಲ್ಲಿವೆ, ಮತ್ತು ನಮ್ಮ ನ್ಯಾಯಾಧೀಶರಿಗೆ ಈ ಕ್ರಿಯಾಪದದ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ.

ಕೊನೆಯದು ಒಂದು ನೋಟ್‌ಬುಕ್. ಮೊಬೈಲ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಸಾಲದು. ವಾಕ್ಯವನ್ನು ಕೈಯಿಂದ ಬರೆಯಬೇಕು. ಯಾಕೆ ಅನ್ನೋದು ಎರಡನೇ ಹಂತದಲ್ಲಿ ಗೊತ್ತಾಗುತ್ತದೆ.

ಇಂಗ್ಲಿಷ್-ಕನ್ನಡ ನಿಘಂಟನ್ನು ಸದ್ಯಕ್ಕೆ ಮುಚ್ಚಿಡಿ. ಅದು ಮೂರನೇ ಹಂತಕ್ಕೆ ಬೇಕಾಗುತ್ತದೆ, ಈಗಲ್ಲ.

## ಹಂತ 1: ಅರ್ಥ ಬಿಟ್ಟು ವಾಕ್ಯ ಕೂಡಿಸಿ

ಹುಡುಕುವ ಜಾಗದಲ್ಲಿ ಬರೀ ಪದವನ್ನು ಹಾಕಬೇಡಿ. “ಇಟ್ ಬಿಹೋವ್ಸ್” ಎಂದು ಎರಡು ಪದಗಳನ್ನು ಜೋಡಿ ಉದ್ಧರಣ ಚಿಹ್ನೆಯ ಒಳಗೆ ಹಾಕಿ. ಚಿಹ್ನೆ ಇದ್ದರೆ ಎರಡೂ ಪದ ಜೊತೆಯಾಗಿ ಬಂದ ವಾಕ್ಯಗಳು ಮಾತ್ರ ಸಿಗುತ್ತವೆ. ಸಿಕ್ಕವುಗಳಲ್ಲಿ ಚಿಕ್ಕ ವಾಕ್ಯಗಳನ್ನು ಆರಿಸಿಕೊಳ್ಳಿ. ತೀರ್ಪುಗಳಲ್ಲಿ ಒಂದೇ ವಾಕ್ಯ ಅರ್ಧ ಪುಟ ಓಡುವುದುಂಟು. ಅಂಥದ್ದರ ಗೊಡವೆಗೆ ಹೋಗಬೇಡಿ.

ನಾಲ್ಕೈದು ವಾಕ್ಯ ಸಾಕು. ಮಾದರಿಗೆ ಇವನ್ನು ಇಟ್ಟುಕೊಳ್ಳಿ:

“ಇಟ್ ಬಿಹೋವ್ಸ್ ದ ಸ್ಟೇಟ್ ಟು ಪೇ ಇಟ್ಸ್ ವರ್ಕರ್ಸ್ ಆನ್ ಟೈಮ್.”

“ಇಟ್ ಇಲ್ ಬಿಹೋವ್ಸ್ ಎ ಟೀಚರ್ ಟು ಮಾಕ್ ಎ ಸ್ಲೋ ಲರ್ನರ್.”

“ಇಟ್ ವುಡ್ ಬಿಹೋವ್ ಯು ಟು ರೀಡ್ ದ ಅಗ್ರಿಮೆಂಟ್ ಬಿಫೋರ್ ಸೈನಿಂಗ್ ಇಟ್.”

“ಇಟ್ ಬಿಹೋವ್ಡ್ ದೆಮ್ ಟು ವೇಟ್.”

ಈಗ ನಾಲ್ಕನ್ನೂ ಒಂದರ ಕೆಳಗೊಂದು ಬರೆದು, ಪ್ರತಿ ವಾಕ್ಯದ ಮೊದಲ ಪದಕ್ಕೆ ಸುತ್ತು ಹಾಕಿ. ನಾಲ್ಕರಲ್ಲೂ ‘ಇಟ್’. ಐ ಇಲ್ಲ, ವಿ ಇಲ್ಲ, ದ ಗವರ್ನ್‌ಮೆಂಟ್ ಇಲ್ಲ. ಹಾಗಾದರೆ ಕೆಲಸ ಮಾಡಬೇಕಾದವರು ಎಲ್ಲಿದ್ದಾರೆ? ಕ್ರಿಯಾಪದ ಆದಮೇಲೆ ಕೂತಿದ್ದಾರೆ. ಅವರ ಕೆಳಗೆ ಗೆರೆ ಎಳೆಯಿರಿ: ದ ಸ್ಟೇಟ್, ಎ ಟೀಚರ್, ಯು, ದೆಮ್.

ಇಷ್ಟು ಮಾಡಿದರೆ ಮೊದಲ ಹಂತ ಮುಗಿಯಿತು. ಅರ್ಥ ಇನ್ನೂ ನೋಡಿಲ್ಲ ಅನ್ನೋದನ್ನು ಗಮನಿಸಿ.

## ಹಂತ 2: ಚೌಕಟ್ಟನ್ನು ಕೈಗೆ ಹತ್ತಿಸಿಕೊಳ್ಳಿ

ಚೌಕಟ್ಟಿನಲ್ಲಿ ನಾಲ್ಕು ತುಂಡುಗಳಿವೆ. ‘ಇಟ್’, ಆಮೇಲೆ ‘ಬಿಹೋವ್ಸ್’, ಆಮೇಲೆ ವ್ಯಕ್ತಿ ಅಥವಾ ಸಂಸ್ಥೆ, ಕೊನೆಗೆ ‘ಟು’ ಸೇರಿದ ಮೂಲ ಕ್ರಿಯಾಪದ. ಈ ಕ್ರಮ ಬದಲಾಗುವುದಿಲ್ಲ. ನಡುವೆ ಹೊಸ ಪದ ನುಗ್ಗುವುದೂ ಇಲ್ಲ. ‘ಇಟ್’ ಆದಮೇಲೆ ಬರುವ ‘ಇಲ್’, ‘ವುಡ್’, ‘ಡಸ್ ನಾಟ್’ ಮಾತ್ರ ಅಪವಾದ, ಅವನ್ನು ಮುಂದೆ ನೋಡೋಣ.

ಇಲ್ಲಿ ‘ಇಟ್’ ಯಾವ ವಸ್ತುವನ್ನೂ ತೋರಿಸುತ್ತಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ ಅದು ಕರ್ತೃವಿನ ಜಾಗ ಹಿಡಿದು ಕೂತಿದೆ. ನಿಜವಾದ ಕರ್ತೃ ಹಿಂದೆ ಬರುವ ‘ಟು’ ಭಾಗ. ಅದಕ್ಕೇ ‘ವಿ’ ಬಂದು ಅಲ್ಲಿ ಕೂರುವ ಹಾಗಿಲ್ಲ.

ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಏನು? ಮೊದಲು ಮಾಡುವವರು, ಆಮೇಲೆ ಕ್ರಿಯೆ, ಆಮೇಲೆ ಕರ್ಮ. ರಾಮ ಮಾವಿನಹಣ್ಣು ತಿಂದ ವಾಕ್ಯ. ನೂರಕ್ಕೆ ತೊಂಬತ್ತು ಕಡೆ ಅದು ನಡೆಯುತ್ತದೆ. ಈ ಕ್ರಿಯಾಪದದಲ್ಲಿ ಮಾತ್ರ ಯಾರೂ ಏನನ್ನೂ ‘ಬಿಹೋವ್’ ಮಾಡುವುದಿಲ್ಲ. ಒಂದು ಕೆಲಸ ಒಬ್ಬರಿಗೆ ತಕ್ಕದ್ದಾಗಿರುತ್ತದೆ, ಅಷ್ಟೇ.

ಕನ್ನಡದವರಿಗೆ ಇದು ಹೊಸದೇನಲ್ಲ. “ನನಗೆ ಕಾಫಿ ಬೇಕು”, “ಅವಳಿಗೆ ಚಳಿಯಾಗುತ್ತಿದೆ”, “ನಿನಗಿದು ತರವಲ್ಲ”. ಮೂರರಲ್ಲೂ ವ್ಯಕ್ತಿಯ ಬಾಲದಲ್ಲಿ ‘ಗೆ’ ಇದೆ. ಚತುರ್ಥಿ ವಿಭಕ್ತಿ ಅಂತ ಬಾಯಿಪಾಠ ಮಾಡಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಳೆಯ ಇಂಗ್ಲಿಷ್‌ನಲ್ಲಿ ಇಂಥ ವಾಕ್ಯಗಳು ಬೇಕಾದಷ್ಟಿದ್ದವು. ‘ಮಿಥಿಂಕ್ಸ್’ ಎಂಬ ಪದ ಓದಿರುತ್ತೀರಲ್ಲ, ಅದು ‘ನಾನು ಯೋಚಿಸುತ್ತೇನೆ’ ಅಲ್ಲ, ‘ನನಗೆ ಅನಿಸುತ್ತದೆ’. ಆ ಜಾತಿಯ ಕ್ರಿಯಾಪದಗಳು ಒಂದೊಂದಾಗಿ ಮರೆಯಾದವು. ‘ಬಿಹೋವ್’ ಉಳಿದುಕೊಂಡಿತು.

ಹಾಗಾದರೆ ನಾವು ಯಾಕೆ ತಪ್ಪುತ್ತೇವೆ? ನಿಘಂಟಿನಲ್ಲಿ ‘ಕರ್ತವ್ಯ’ ಅಂತ ಓದಿದ ಕೂಡಲೇ ತಲೆಯಲ್ಲಿ “ನಾವು ಕೆರೆ ಉಳಿಸಬೇಕು” ಅನ್ನೋ ವಾಕ್ಯ ಹುಟ್ಟುತ್ತದೆ. ‘ಮಾಡಬೇಕು’, ‘ಉಳಿಸಬೇಕು’ ಇವುಗಳ ಜೊತೆ ಕನ್ನಡದಲ್ಲಿ ‘ನಾವು’ ಬರುತ್ತದೆ, ‘ನಮಗೆ’ ಬರುವುದಿಲ್ಲ. ಆ ‘ನಾವು’ ನೇರವಾಗಿ ‘ವಿ’ ಆಗಿ ಇಳಿಯುತ್ತದೆ. ತಪ್ಪು ಶುರುವಾಗುವುದೇ ಇಲ್ಲಿ. ಹೀಗಾಗಿ ‘ಬೇಕು’ ಅನ್ನೋ ಅರ್ಥವನ್ನು ಪಕ್ಕಕ್ಕಿಡಿ. ‘ಗೆ’ ಕೇಳುವ ಕನ್ನಡ ಪದವನ್ನೇ ಹಿಡಿಯಿರಿ: ‘ನಮಗೆ ತಕ್ಕದ್ದು’, ‘ನಮಗೆ ಒಪ್ಪುತ್ತದೆ’, ‘ನಮಗೆ ಸಲ್ಲದು’. ‘ಗೆ’ ಇರುವ ವ್ಯಕ್ತಿಯನ್ನು ಇಂಗ್ಲಿಷ್‌ನಲ್ಲಿ ಕ್ರಿಯಾಪದದ ಬಲಗಡೆ ಕೂರಿಸಿ. ಕೆಲಸ ಮುಗಿಯಿತು.

ಇನ್ನೂ ಅನುಮಾನ ಇದ್ದರೆ ಒಂದು ಯಾಂತ್ರಿಕ ಪರೀಕ್ಷೆ ಇದೆ. ಮೊದಲು “ಇಟ್ ಈಸ್ ರೈಟ್ ಫಾರ್ ಅಸ್ ಟು ಲಿಸನ್” ಎಂದು ಬರೆಯಿರಿ. ಇದರಲ್ಲಿ ‘ಈಸ್ ರೈಟ್ ಫಾರ್’ ಎಂಬ ಮೂರು ಪದಗಳನ್ನು ಹೊಡೆದುಹಾಕಿ, ಆ ಜಾಗಕ್ಕೆ ‘ಬಿಹೋವ್ಸ್’ ಒಂದನ್ನೇ ಹಾಕಿ. “ಇಟ್ ಬಿಹೋವ್ಸ್ ಅಸ್ ಟು ಲಿಸನ್.” ‘ಫಾರ್’ ಕೂಡ ಹೋಯಿತು ಅನ್ನೋದನ್ನು ನೋಡಿ. ‘ಬಿಹೋವ್ಸ್ ಫಾರ್ ಅಸ್’ ಯಾಕೆ ತಪ್ಪು ಅನ್ನೋದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಈ ಹಂತದಲ್ಲಿ ಆಗುವ ತಪ್ಪುಗಳು ಹೀಗಿವೆ.

“ಇಟ್ ಬಿಹೋವ್ ಆಲ್ ಸಿಟಿಜನ್ಸ್ ಟು…” ಸಿಟಿಜನ್ಸ್ ಬಹುವಚನ, ಆದ್ದರಿಂದ ಕೊನೆಯ ‘ಎಸ್’ ತೆಗೆದೆ ಅನ್ನುತ್ತಾರೆ. ಕರ್ತೃ ‘ಇಟ್’ ಆಗಿರುವಾಗ ಹಿಂದೆ ಕೋಟಿ ಜನ ಇದ್ದರೂ ‘ಬಿಹೋವ್ಸ್’ ಎಂದೇ ಬರೆಯಬೇಕು.

“ಇಟ್ ಬಿಹೋವ್ಸ್ ವಿ ಟು…” ಸರ್ವನಾಮ ಇಲ್ಲಿ ಕರ್ಮದ ರೂಪದಲ್ಲಿರಬೇಕು. ಮಿ, ಅಸ್, ಹಿಮ್, ಹರ್, ದೆಮ್.

“ಇಟ್ ಬಿಹೋವ್ಸ್ ದಟ್ ವಿ ಶುಡ್…” ಹಿಂದೆ ಬರಬೇಕಾದದ್ದು ‘ಟು’. ‘ದಟ್’ ಹಾಕಿದರೆ ಚೌಕಟ್ಟು ಮುರಿಯುತ್ತದೆ.

“ಇಟ್ ಬಿಹೋವ್ಸ್ ಅಸ್ ಟು ಲಿಸನಿಂಗ್.” ‘ಟು’ ಆದಮೇಲೆ ಮೂಲ ರೂಪ, ‘ಇಂಗ್’ ಅಲ್ಲ.

ಒಂದು ಎಚ್ಚರಿಕೆ. ಸ್ಕಾಟ್ಲೆಂಡಿನ ಕೋರ್ಟುಗಳ ಬರವಣಿಗೆಯಲ್ಲಿ ‘ದ ಪರ್ಸೂಅರ್ ಬಿಹೋವ್ಡ್ ಟು ಪ್ರೂವ್’ ಎಂಬಂಥ ವಾಕ್ಯ ಸಿಗಬಹುದು. ಅಲ್ಲಿ ದಾವೆ ಹೂಡಿದವರೇ ಕರ್ತೃ. ಅದು ಅಲ್ಲಿನ ಕಾನೂನು ಭಾಷೆಯ ರೂಢಿ. ಅದನ್ನು ತೋರಿಸಿ “ಸರ್, ಇಲ್ಲಿ ಇದೆಯಲ್ಲ” ಅಂತ ವಾದಕ್ಕಿಳಿದರೆ ಮೌಲ್ಯಮಾಪಕರು ಒಪ್ಪುವುದಿಲ್ಲ.

## ಹಂತ 3: ಈಗ ಅರ್ಥ, ಅದೂ ಮೂರು ಛಾಯೆಗಳಲ್ಲಿ

ಮುಚ್ಚಿಟ್ಟ ಇಂಗ್ಲಿಷ್-ಕನ್ನಡ ನಿಘಂಟನ್ನು ಈಗ ತೆಗೆಯಬಹುದು. ಆದರೆ ಅದರಲ್ಲಿರುವ ಅರ್ಥಗಳನ್ನು ಹಾಗೇ ನುಂಗಬೇಡಿ. ನಿಮ್ಮ ನೋಟ್‌ಬುಕ್ಕಿನ ವಾಕ್ಯಗಳಿಗೆ ಹೊಂದಿಸಿ ನೋಡಿ.

ಮೊದಲನೆಯದು ಕರ್ತವ್ಯ ಮತ್ತು ಯೋಗ್ಯತೆಯ ಅರ್ಥ. ಸ್ಥಾನಕ್ಕೆ ತಕ್ಕ ನಡತೆಯ ಮಾತು ಬಂದಾಗ ಇದು ಬರುತ್ತದೆ. “ಇಟ್ ಬಿಹೋವ್ಸ್ ದ ಸ್ಟೇಟ್ ಟು ಪೇ…” ಅಂದರೆ ಕೂಲಿಕಾರರಿಗೆ ಹೊತ್ತಿಗೆ ಸರಿಯಾಗಿ ಸಂಬಳ ಕೊಡುವುದು ಸರ್ಕಾರ ಅನ್ನಿಸಿಕೊಂಡದ್ದಕ್ಕೆ ತಕ್ಕದ್ದು. ಕೋರ್ಟಿನ ತೀರ್ಪು, ಸಂಪಾದಕೀಯ, ಸದನದ ಭಾಷಣ, ಎಲ್ಲ ಕಡೆ ಹೆಚ್ಚಾಗಿ ಕಾಣುವುದು ಇದೇ.

ಎರಡನೆಯದು ಲಾಭದ ಅರ್ಥ. “ಇಟ್ ವುಡ್ ಬಿಹೋವ್ ಯು ಟು ರೀಡ್ ದ ಅಗ್ರಿಮೆಂಟ್…” ಇಲ್ಲಿ ಕರಾರು ಓದುವುದು ನಿಮ್ಮ ಕರ್ತವ್ಯ ಅಂತ ಯಾರೂ ಹೇಳುತ್ತಿಲ್ಲ. ಓದಿದರೆ ನಿಮಗೇ ಒಳ್ಳೆಯದು ಅಂತ ಹೇಳುತ್ತಿದ್ದಾರೆ. ಅಮೆರಿಕದವರ ಬಾಯಲ್ಲಿ ಈ ಅರ್ಥವೇ ಜಾಸ್ತಿ. ಹೆಚ್ಚಾಗಿ ‘ವುಡ್’ ಜೊತೆಗೆ ಬರುತ್ತದೆ. ಅಲ್ಲಿನ ಸೈನ್ಯದ ಮಾತಿನಲ್ಲಿ ಇದು ಮೆತ್ತಗೆ ಹೇಳಿದ ಬೆದರಿಕೆಯೂ ಆಗುತ್ತದೆ: “ಬೂಟು ಹೊಳೆಯುವ ಹಾಗೆ ಇಟ್ಟುಕೊಂಡರೆ ನಿನಗೇ ಒಳ್ಳೇದು.”

ಮೂರನೆಯದು ಅಗತ್ಯದ ಅರ್ಥ. ಹಳೆಯ ಬರಹಗಳಲ್ಲಿ, ಅದರಲ್ಲೂ ಭೂತಕಾಲದಲ್ಲಿ ಸಿಗುತ್ತದೆ. 1611ರ ಇಂಗ್ಲಿಷ್ ಬೈಬಲ್‌ನ ಲೂಕನ ಸುವಾರ್ತೆಯ 24ನೇ ಅಧ್ಯಾಯದಲ್ಲಿ ಕ್ರಿಸ್ತನು ಶ್ರಮೆಪಟ್ಟು ಮೂರನೇ ದಿನ ಎದ್ದುಬರುವುದು ಅಗತ್ಯವಾಗಿತ್ತು ಎಂಬ ಮಾತಿಗೆ ‘ಬಿಹೋವ್ಡ್’ ಬಳಸಿದ್ದಾರೆ. ಅಲ್ಲಿ ‘ಶೋಭೆ’ ಅಂತ ಅರ್ಥ ಮಾಡಿಕೊಂಡರೆ ಎಡವಟ್ಟಾಗುತ್ತದೆ. ಈ ಮೂರನೆಯದನ್ನು ಓದಿ ಅರ್ಥ ಮಾಡಿಕೊಂಡರೆ ಸಾಕು, ನೀವು ಬರೆಯಬೇಕಾಗಿಲ್ಲ.

ನಿಮ್ಮ ವಾಕ್ಯ ಮೊದಲನೆಯದೋ ಎರಡನೆಯದೋ ಅಂತ ಬರೆಯುವ ಮುಂಚೆಯೇ ತೀರ್ಮಾನಿಸಿ. ತೀರ್ಮಾನಿಸದೆ ಬರೆದರೆ ಓದುವವರಿಗೆ ಉಪದೇಶವೋ ಸಲಹೆಯೋ ಗೊತ್ತಾಗುವುದಿಲ್ಲ.

## ಹಂತ 4: ಕಾಲ, ನಿಷೇಧ, ಪ್ರಶ್ನೆ

ಇದು ಸಣ್ಣ ಹಂತ. ವರ್ತಮಾನಕ್ಕೆ ‘ಬಿಹೋವ್ಸ್’. ಭೂತಕ್ಕೆ ‘ಬಿಹೋವ್ಡ್’. ಮೃದು ಮಾಡಲು ‘ವುಡ್ ಬಿಹೋವ್’. ‘ಈಸ್ ಬಿಹೋವಿಂಗ್’ ಎಂಬ ರೂಪ ಬಳಸುವ ಹಾಗಿಲ್ಲ. ನಾವು ಎಲ್ಲದಕ್ಕೂ ‘ಇಂಗ್’ ಹಚ್ಚುವ ಜನ, ಅದಕ್ಕೇ ಹೇಳಿದೆ. ಕರ್ಮಣಿ ಪ್ರಯೋಗವೂ ಇಲ್ಲ. ‘ವಿ ಆರ್ ಬಿಹೋವ್ಡ್’ ಎಂದು ಬರೆದವರು ‘ವಿ ಆರ್ ಒಬ್ಲೈಜ್ಡ್’ ಎಂಬುದರ ಮೇಲೆ ಇದನ್ನು ಅಂಟಿಸಿರುತ್ತಾರೆ.

ನಿಷೇಧಕ್ಕೆ ಎರಡು ದಾರಿ. “ಇಟ್ ಡಸ್ ನಾಟ್ ಬಿಹೋವ್ ಎ ಟೀಚರ್ ಟು ಮಾಕ್…” ಅನ್ನೋದು ಸೀದಾ ದಾರಿ. “ಇಟ್ ಇಲ್ ಬಿಹೋವ್ಸ್ ಎ ಟೀಚರ್ ಟು ಮಾಕ್…” ಅನ್ನೋದು ಹರಿತವಾದದ್ದು. ‘ಇಲ್’ಗೆ ಇಲ್ಲಿ ಕಾಯಿಲೆಯ ಅರ್ಥ ಇಲ್ಲ, ‘ಕೆಟ್ಟದಾಗಿ’ ಎಂಬ ಅರ್ಥ. ಕನ್ನಡದ ‘ಸಲ್ಲದು’ ಇದಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ. ‘ಇಲ್’ನ ಜಾಗ ‘ಇಟ್’ ಮತ್ತು ‘ಬಿಹೋವ್ಸ್’ ನಡುವೆ. ‘ಬಿಹೋವ್ಸ್ ಇಲ್’ ಅಂತ ತಿರುಗಿಸಬೇಡಿ. ‘ಡಸ್ ನಾಟ್’ ಮತ್ತು ‘ಇಲ್’ ಎರಡನ್ನೂ ಒಟ್ಟಿಗೆ ಹಾಕಲೂಬೇಡಿ. ಎರಡು ನಿಷೇಧ ಸೇರಿ ಅರ್ಥವೇ ತಿರುಗಿಬಿಡುತ್ತದೆ.

ಪ್ರಶ್ನೆ ಬೇಕಾದರೆ “ಡಸ್ ಇಟ್ ಬಿಹೋವ್ ಎ ಜಡ್ಜ್ ಟು ಕಮೆಂಟ್ ಆನ್ ದಿಸ್?” ಎಂದು ಬರೆಯಬಹುದು. ‘ಡಸ್’ ಬಂದ ಮೇಲೆ ಕ್ರಿಯಾಪದದ ‘ಎಸ್’ ಬಿದ್ದುಹೋಗುತ್ತದೆ, ಎಲ್ಲ ಕ್ರಿಯಾಪದಗಳ ಹಾಗೆ.

## ಹಂತ 5: ಯಾರಿಗೆ ಹೇಳುತ್ತಿದ್ದೀರಿ ನೋಡಿಕೊಳ್ಳಿ

ವ್ಯಾಕರಣ ಸರಿಯಿದ್ದೂ ಮಾನ ಹೋಗುವ ಜಾಗ ಇದು. ಹೀಗಾಗಿ ಸ್ವಲ್ಪ ನಿಧಾನವಾಗಿ ಓದಿ.

ನಿಘಂಟುಗಳು ಈ ಪದದ ಪಕ್ಕದಲ್ಲಿ ‘ಫಾರ್ಮಲ್’ ಎಂದು ಹಾಕಿರುತ್ತವೆ. ಅದನ್ನು ನೋಡಿ ಕೆಲವರು ‘ಮರ್ಯಾದೆಯ ಪದ’ ಅಂದುಕೊಳ್ಳುತ್ತಾರೆ. ಫಾರ್ಮಲ್ ಅಂದರೆ ಗಂಭೀರ ಅಷ್ಟೇ, ವಿನಯ ಅಲ್ಲ. ರಜೆ ಅರ್ಜಿಯಲ್ಲಿ “ಇಟ್ ಬಿಹೋವ್ಸ್ ಯು ಟು ಗ್ರಾಂಟ್ ಮಿ ಲೀವ್” ಎಂದು ಬರೆದರೆ ಏನಾಗುತ್ತದೆ? “ನನಗೆ ರಜೆ ಕೊಡೋದು ನಿಮ್ಮ ಸ್ಥಾನಕ್ಕೆ ತಕ್ಕದ್ದು” ಅಂತ ಮೇಲಧಿಕಾರಿಗೆ ಪಾಠ ಹೇಳಿದ ಹಾಗಾಗುತ್ತದೆ. ಕನ್ನಡದಲ್ಲಿ ಹಿರಿಯರ ಮುಂದೆ “ನಿಮಗಿದು ಶೋಭೆಯಲ್ಲ” ಅನ್ನಬೇಕಾದರೆ ಎಷ್ಟು ಧೈರ್ಯ ಬೇಕೋ, ಇಲ್ಲೂ ಅಷ್ಟೇ ಬೇಕು.

ಎಲ್ಲಕ್ಕಿಂತ ಸುರಕ್ಷಿತವಾದದ್ದು ‘ಅಸ್’. “ಇಟ್ ಬಿಹೋವ್ಸ್ ಅಸ್ ಟು…” ಎಂದಾಗ ಬರೆಯುವವರೂ ಆ ಕರ್ತವ್ಯದ ಒಳಗಿದ್ದಾರೆ, ಆದ್ದರಿಂದ ಯಾರಿಗೂ ಚುಚ್ಚುವುದಿಲ್ಲ. ಆಮೇಲೆ ಸಂಸ್ಥೆಗಳು: ದ ಸ್ಟೇಟ್, ದ ಕಮಿಷನ್, ದ ಪ್ರೆಸ್. ಪ್ರಬಂಧಕ್ಕೆ ಇವು ಹೇಳಿಮಾಡಿಸಿದವು. ‘ಯು’ ಎಚ್ಚರಿಕೆಯ ದನಿ. ಸಮಾನರಿಗೆ ಅಥವಾ ಕೆಳಗಿನವರಿಗೆ ಮಾತ್ರ, ಅದೂ ಬೇಕೆಂದೇ ಗಡುಸಾಗಿ ಹೇಳುವಾಗ.

‘ಮಿ’ ಬೇರೆಯದೇ ಕಥೆ. ವಿದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ ಬರೆಯುವ ಉದ್ದೇಶ ಪತ್ರದಲ್ಲಿ “ಇಟ್ ಬಿಹೋವ್ಸ್ ಮಿ ಟು ಪರ್ಸ್ಯೂ ಎ ಮಾಸ್ಟರ್ಸ್” ಅಂತ ಬರೆದರೆ ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ನಿಘಂಟಿನಿಂದ ಕಿತ್ತು ತಂದು ಅಂಟಿಸಿದ್ದು ಅಂತ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ‘ಐ ವಾಂಟ್ ಟು’ ಅನ್ನಿ. ಸಾಕು.

ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ಕೂರುವವರಿಗೆ ಒಂದು ಮಾತು. ಅದರ ಬರವಣಿಗೆ ಅಂಕಪಟ್ಟಿಯಲ್ಲಿ ಮೇಲಿನ ಬ್ಯಾಂಡ್‌ಗಳಿಗೆ ಅಪರೂಪದ ಪದಗಳ ಬಳಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ನಿಜ. ಆದರೆ ಅದರ ಜೊತೆಗೇ ಶೈಲಿ ಮತ್ತು ಪದಜೋಡಣೆಯ ಅರಿವನ್ನೂ ನೋಡುತ್ತಾರೆ. ಅಪರೂಪದ ಪದ ತಪ್ಪು ಜೋಡಣೆಯಲ್ಲಿ ಬಂದರೆ ಲಾಭಕ್ಕಿಂತ ನಷ್ಟ ಜಾಸ್ತಿ. ಕೋಚಿಂಗ್‌ನವರು ಕೊಡುವ ಪದಪಟ್ಟಿಗಳಲ್ಲಿ ಈ ಎರಡನೇ ಭಾಗ ಸಾಮಾನ್ಯವಾಗಿ ಇರುವುದೇ ಇಲ್ಲ.

## ಹಂತ 6: ಅಕ್ಕಪಕ್ಕದ ಪದಗಳಿಂದ ಬೇರ್ಪಡಿಸಿ

‘ಆನ್’ ಎಲ್ಲಿಂದ ನುಗ್ಗಿತು ಗೊತ್ತಾ? “ಇಟ್ ಈಸ್ ಇನ್‌ಕಂಬೆಂಟ್ ಆನ್ ಅಸ್ ಟು…” ಎಂಬ ವಾಕ್ಯದಿಂದ. ಅರ್ಥ ಹತ್ತಿರದ್ದೇ, ಕರ್ತವ್ಯ. ಅಲ್ಲಿ ‘ಆನ್’ ಬೇಕೇ ಬೇಕು. ‘ಬಿಹೋವ್ಸ್’ಗೆ ಬೇಡ. ಎರಡನ್ನೂ ಒಂದೇ ದಿನ ಕಲಿತವರಿಗೆ ಈ ಗೊಂದಲ ಖಾತ್ರಿ. ಒಂದನ್ನು ಗಟ್ಟಿ ಮಾಡಿಕೊಂಡು ವಾರ ಬಿಟ್ಟು ಇನ್ನೊಂದಕ್ಕೆ ಹೋಗಿ.

‘ಬಿಫಿಟ್’ ಇನ್ನೂ ಹತ್ತಿರದ ನೆಂಟ. ವ್ಯತ್ಯಾಸ ಇಷ್ಟು: ‘ಬಿಫಿಟ್’ಗೆ ವಸ್ತು ಅಥವಾ ನಡತೆ ಕರ್ತೃ ಆಗಬಹುದು. “ಸಚ್ ಲ್ಯಾಂಗ್ವೇಜ್ ಡಸ್ ನಾಟ್ ಬಿಫಿಟ್ ಎ ಮಿನಿಸ್ಟರ್.” ಸರಿ. ನಮ್ಮ ಪತ್ರಿಕೆಗಳಲ್ಲಿ ಇದೇ ಜಾಗದಲ್ಲಿ ‘ಸಚ್ ಲ್ಯಾಂಗ್ವೇಜ್ ಡಸ್ ನಾಟ್ ಬಿಹೋವ್ ಎ ಮಿನಿಸ್ಟರ್’ ಎಂದು ಬರೆಯುವುದೂ ಇದೆ. “ಶೋಭೆ ತರುವುದಿಲ್ಲ” ಎಂಬ ನಮ್ಮ ಮಾತು ಅದರ ಹಿಂದೆ ಕೇಳಿಸುತ್ತದೆ, ಅಲ್ವಾ? ದಿನಪತ್ರಿಕೆಯಲ್ಲಿ ನಡೆಯಬಹುದು. ಪರೀಕ್ಷೆಯಲ್ಲಿ ಮಾತ್ರ ಆ ಸಾಹಸ ಬೇಡ. ಕರ್ತೃ ‘ಇಟ್’ ಅಲ್ಲದಿದ್ದರೆ ‘ಬಿಫಿಟ್’ ಬಳಸಿ.

‘ಬಿಕಮ್’ಗೂ ಇಂಥದ್ದೇ ಹಳೆಯ ಬಳಕೆ ಉಳಿದಿದೆ. “ಇಟ್ ಇಲ್ ಬಿಕಮ್ಸ್ ಯು ಟು ಕಂಪ್ಲೇನ್.” ನಿನಗೆ ದೂರುವುದು ಒಪ್ಪುವುದಿಲ್ಲ ಅಂತ. ‘ಆಗು’ ಎಂಬ ಅರ್ಥ ಅಲ್ಲಿಲ್ಲ.

ನೋಡಲು ಹಾಗೇ ಇದ್ದು ಸಂಬಂಧವೇ ಇಲ್ಲದವೂ ಇವೆ. ‘ಬಿಹೋಲ್ಡ್’ ಅಂದರೆ ನೋಡು. ‘ಬಿಹೋಲ್ಡನ್’ ಅಂದರೆ ಋಣಿ. ‘ಬಿಹೇವ್’ ನಡೆದುಕೊಳ್ಳುವುದು. ವೇಗವಾಗಿ ಬರೆಯುವಾಗ ‘ಇಟ್ ಬಿಹೇವ್ಸ್ ಅಸ್’ ಆಗಿಬಿಡುವುದುಂಟು. ಕಂಪ್ಯೂಟರಿನ ಸ್ಪೆಲ್ ಚೆಕ್ ಅದನ್ನು ಹಿಡಿಯುವುದಿಲ್ಲ, ಯಾಕೆಂದರೆ ಅದೂ ನಿಜವಾದ ಪದವೇ.

## ಹಂತ 7: ಕಾಗುಣಿತ ಮತ್ತು ಉಚ್ಚಾರ, ಒಂದೇ ಊರಿನದ್ದು

ಬ್ರಿಟಿಷ್ ಕಾಗುಣಿತ ಬಿ-ಇ-ಎಚ್-ಒ-ವಿ-ಇ. ಒಂದೇ ‘ಒ’. ಉಚ್ಚಾರ ‘ಬಿಹೋವ್’, ‘ಸ್ಟೋವ್’ ಜೊತೆ ಪ್ರಾಸ. ಅಮೆರಿಕನ್ ಕಾಗುಣಿತದಲ್ಲಿ ಎರಡು ‘ಒ’, ಉಚ್ಚಾರ ‘ಬಿಹೂವ್’, ‘ಗ್ರೂವ್’ ಜೊತೆ ಪ್ರಾಸ. ಒತ್ತು ಎರಡರಲ್ಲೂ ಎರಡನೇ ಭಾಗಕ್ಕೆ.

ಯಾವುದನ್ನು ಹಿಡಿಯಬೇಕು? ನಮ್ಮ ಶಾಲೆ, ಕೋರ್ಟು, ಸರ್ಕಾರಿ ಪರೀಕ್ಷೆಗಳಲ್ಲಿ ಬ್ರಿಟಿಷ್ ಕಾಗುಣಿತವೇ ರೂಢಿ, ಆದ್ದರಿಂದ ಒಂದು ‘ಒ’. ಅಮೆರಿಕದ ಕಂಪನಿಗೆ, ಕಾಲೇಜಿಗೆ ಬರೆಯುತ್ತಿದ್ದರೆ ಎರಡು. ಎರಡೂ ಸರಿ, ಬೆರಕೆ ಮಾತ್ರ ತಪ್ಪು. ಮೊದಲ ಪ್ಯಾರಾದಲ್ಲಿ ‘ಕಲರ್’ಗೆ ‘ಯು’ ಹಾಕಿ, ಮೂರನೆಯದರಲ್ಲಿ ಎರಡು ‘ಒ’ ಹಾಕಿದರೆ ಓದುವವರ ಕಣ್ಣಿಗೆ ಕುಟುಕುತ್ತದೆ. ಎರಡು ಕಾಗುಣಿತಗಳ ವ್ಯತ್ಯಾಸವನ್ನು ಕಣ್ಣಾರೆ ನೋಡಬೇಕೆಂದರೆ ಪುಸ್ತಕಗಳಲ್ಲಿ ಒಂದು ಪದ ಎಷ್ಟು ಬಳಕೆಯಾಗಿದೆ ಅಂತ ಗೆರೆ ಎಳೆದು ತೋರಿಸುವ ಗೂಗಲ್‌ನ ಎನ್‌ಗ್ರಾಮ್ ವ್ಯೂವರ್‌ನಲ್ಲಿ ಎರಡನ್ನೂ ಅಲ್ಪವಿರಾಮ ಹಾಕಿ ಟೈಪ್ ಮಾಡಿ. ಮೊದಲು ಬ್ರಿಟಿಷ್ ಇಂಗ್ಲಿಷ್, ಆಮೇಲೆ ಅಮೆರಿಕನ್ ಇಂಗ್ಲಿಷ್ ಆಯ್ಕೆ ಮಾಡಿ. ಗೆರೆಗಳು ಮೇಲೆ ಕೆಳಗೆ ಆಗುವುದು ಕಾಣುತ್ತದೆ.

ಬಾಯಲ್ಲಿ ಹೇಳುವಾಗ ಎರಡು ಕಡೆ ಜೋಪಾನ. ಕೊನೆಯ ‘ವ್’ಗೆ ನಮ್ಮ ಅಭ್ಯಾಸದಂತೆ ‘ಉ’ ಸೇರಿಸಿ ‘ಬಿಹೋವು’ ಮಾಡಬೇಡಿ. ನಡುವಿನ ‘ಹ’ ನುಂಗಬೇಡಿ. ‘ಹಳ್ಳಿ’ಯನ್ನು ‘ಅಳ್ಳಿ’ ಅನ್ನುವ ಕಡೆಯವರಾಗಿದ್ದರೆ ನಾಲ್ಕು ಸಲ ಜೋರಾಗಿ ಹೇಳಿ ಅಭ್ಯಾಸ ಮಾಡಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

## ಹಂತ 8: ಐದು ವಾಕ್ಯಗಳ ಅಭ್ಯಾಸ

ಕೆಳಗಿನ ಕನ್ನಡ ವಾಕ್ಯಗಳನ್ನು ಮೊದಲು ‘ಗೆ’ ಇರುವ ರೂಪಕ್ಕೆ ತಿರುಗಿಸಿ, ಆಮೇಲೆ ಇಂಗ್ಲಿಷ್‌ಗೆ ಹೋಗಿ. ಉತ್ತರ ನೋಡುವ ಮುಂಚೆ ಪೆನ್ನು ಹಿಡಿಯಿರಿ.

1. “ಬೆಂಗಳೂರಿನವರು ಕೆರೆಗಳನ್ನು ಉಳಿಸಿಕೊಳ್ಳಬೇಕು.” ‘ಗೆ’ ರೂಪ: ಕೆರೆ ಉಳಿಸಿಕೊಳ್ಳುವುದು ಬೆಂಗಳೂರಿನವರಿಗೆ ತಕ್ಕದ್ದು. ಇಂಗ್ಲಿಷ್: “ಇಟ್ ಬಿಹೋವ್ಸ್ ದ ಪೀಪಲ್ ಆಫ್ ಬೆಂಗಳೂರು ಟು ಪ್ರೊಟೆಕ್ಟ್ ದೆರ್ ಲೇಕ್ಸ್.”

2. “ಆಯೋಗದವರು ದೂರುಗಳಿಗೆ ಉತ್ತರ ಕೊಡಬೇಕಿತ್ತು.” ಇಲ್ಲಿ ಕೊಂಚ ತಡೆಯಿರಿ. ‘ಕೊಡಬೇಕಿತ್ತು’ ಅಂದರೆ ಕೊಡಲಿಲ್ಲ ಎಂಬ ಆಕ್ಷೇಪ ಒಳಗಿದೆ. ‘ಬಿಹೋವ್ಡ್’ ಬರೆದರೆ ಆ ಆಕ್ಷೇಪ ಕಾಣುವುದಿಲ್ಲ, ಕೊಟ್ಟಿರಲೂಬಹುದು ಅನಿಸುತ್ತದೆ. ‘ಶುಡ್ ಹ್ಯಾವ್ ರಿಪ್ಲೈಡ್’ ಎಂಬುದೇ ಇಲ್ಲಿ ಸರಿ.

3. “ಗೆದ್ದವರು ಸೋತವರನ್ನು ಹಂಗಿಸಬಾರದು.” ‘ಗೆ’ ರೂಪ: ಸೋತವರನ್ನು ಹಂಗಿಸುವುದು ಗೆದ್ದವರಿಗೆ ಸಲ್ಲದು. ಇಂಗ್ಲಿಷ್: “ಇಟ್ ಇಲ್ ಬಿಹೋವ್ಸ್ ದ ವಿನರ್ಸ್ ಟು ಟಾಂಟ್ ದ ಲೂಸರ್ಸ್.”

4. “ಮಳೆಗಾಲಕ್ಕೆ ಮುಂಚೆ ಚಾವಣಿ ನೋಡಿಸಿಕೊಂಡರೆ ನಿಮಗೇ ಒಳ್ಳೆಯದು.” ಇದು ಲಾಭದ ಛಾಯೆ. “ಇಟ್ ವುಡ್ ಬಿಹೋವ್ ಯು ಟು ಚೆಕ್ ದ ರೂಫ್ ಬಿಫೋರ್ ದ ರೇನ್ಸ್.” ಮಾಲೀಕರಿಗೆ ಬರೆಯುತ್ತಿದ್ದರೆ ಐದನೇ ಹಂತ ನೆನಪಿಸಿಕೊಂಡು ‘ಪ್ಲೀಸ್ ಚೆಕ್’ ಅನ್ನಿ.

5. “ನಾನು ನಾಳೆ ಬ್ಯಾಂಕಿಗೆ ಹೋಗಬೇಕು.” ಉತ್ತರ: ‘ಐ ಹ್ಯಾವ್ ಟು ಗೋ.’ ದಿನನಿತ್ಯದ ಕೆಲಸಕ್ಕೆ ಈ ಪದ ಬೇಡ.

## ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಬರೆದ ವಾಕ್ಯವನ್ನು ಒಮ್ಮೆ ಜೋರಾಗಿ ಓದಿ. ಮೊದಲ ಪದ ‘ಇಟ್’, ‘ಡಸ್ ಇಟ್’ ಅಥವಾ ‘ವುಡ್ ಇಟ್’ ಅಲ್ಲದಿದ್ದರೆ ನಿಲ್ಲಿಸಿ. ‘ಬಿಹೋವ್ಸ್’ ವಾಕ್ಯದ ನಡುವೆ ಬಂದಿದ್ದರೂ ಅದಕ್ಕೆ ಮುಂಚೆ ‘ಇಟ್’ ಇರಬೇಕು. ‘ಬಿಹೋವ್ಸ್’ ಆದಮೇಲೆ ‘ಆನ್’, ‘ಅಪಾನ್’, ‘ಫಾರ್’, ‘ದಟ್’ ಇವುಗಳಲ್ಲಿ ಯಾವುದು ಕಂಡರೂ ನಿಲ್ಲಿಸಿ. ಆ ‘ಇಟ್’ ಯಾವುದೋ ವಸ್ತುವನ್ನು ತೋರಿಸುತ್ತಿದೆ ಅನಿಸಿದರೆ ಹಿಂದಿನ ವಾಕ್ಯ ನೋಡಿ. “ದ ಕಮಿಟಿ ಮೆಟ್ ಯೆಸ್ಟರ್‌ಡೇ. ಇಟ್ ಬಿಹೋವ್ಸ್ ಅಸ್…” ಎಂದು ಬರೆದರೆ ಓದುವವರು ಕ್ಷಣಕಾಲ ‘ಇಟ್’ ಅಂದರೆ ಕಮಿಟಿ ಅಂದುಕೊಳ್ಳುತ್ತಾರೆ. ನಡುವೆ ಇನ್ನೊಂದು ವಾಕ್ಯ ಹಾಕಿ ದೂರ ಮಾಡಿ.

ಒಂದೇ ಪ್ರಬಂಧದಲ್ಲಿ ಎರಡನೇ ಸಲ ಬಂದರೆ ಒಂದನ್ನು ಹೊಡೆದುಹಾಕಿ. ಎದ್ದು ಕಾಣುವ ಪದ ಇದು, ಎರಡು ಸಲ ಬಂದರೆ ಅದೊಂದೇ ಕಾಣುತ್ತದೆ. ಉಳಿಸಿಕೊಳ್ಳುವುದಾದರೆ ಕೊನೆಯ ಪ್ಯಾರಾಕ್ಕಿಂತ ವಾದದ ನಡುವೆ, ಯಾರ ಮೇಲೆ ಯಾವ ಹೊಣೆ ಇದೆ ಅಂತ ಹೇಳುವ ಜಾಗದಲ್ಲಿ ಉಳಿಸಿ. ‘ಶುಡ್’ ಹಾಕಿದರೂ ವಾಕ್ಯ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ ಅನಿಸಿದರೆ ‘ಶುಡ್’ ಅನ್ನೇ ಹಾಕಿ ಮುಂದಿನ ವಾಕ್ಯಕ್ಕೆ ಹೋಗಿ.